ಪಂಪಿನ ಮೇಲೊಂದು ತುಂಡು ಬೆಲ್ಲ

ನಮ್ಮ ಮನೆಯಲ್ಲಿ ಬೆಲ್ಲದ ಡಬ್ಬಿ ಈಗ ಅಡುಗೆಮನೆಯ ತೀರಾ ಮೇಲಿನ ಶೆಲ್ಫಿನಲ್ಲಿದೆ, ಇಡ್ಲಿ ಪಾತ್ರೆಯ ಹಿಂದೆ. ಸ್ಟೂಲ್ ಹತ್ತದೆ ಅದು ಯಾರ ಕೈಗೂ ಎಟುಕುವುದಿಲ್ಲ. ಈ ಮನೆಯಲ್ಲಿ ಸ್ಟೂಲ್ ಹತ್ತಬಾರದು ಎಂದು ತಾಕೀತು ಮಾಡಿಸಿಕೊಂಡವನು ನಾನೊಬ್ಬನೇ. ಹಾಗಾಗಿ ಡಬ್ಬಿ ಯಾರಿಗೆ ಸಿಗಬಾರದೆಂದು ಅಲ್ಲಿ ಕೂತಿದೆ ಎನ್ನುವುದನ್ನು ನೀವು ಸುಲಭವಾಗಿ ಊಹಿಸಬಹುದು. ನನಗೆ ಸಕ್ಕರೆ ಕಾಯಿಲೆ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಬಂದವರಿಗೆ ಬೆಲ್ಲ ನೀರು ಕೊಡಲು ಹೆಂಡತಿ ಸ್ಟೂಲ್ ಎಳೆಯುವುದನ್ನು ನೋಡಿದವರೆಲ್ಲ ನನ್ನ ಕಡೆ ತಿರುಗಿ ಶುಗರ್ ಎಷ್ಟುಂಟು ಎಂದು ಕೇಳುತ್ತಾರೆ. ಉತ್ತರಕ್ಕೆ ಕಾಯದೆ ಹಾಗಲಕಾಯಿ ರಸದ ಬಗ್ಗೆ ಅರ್ಧ ಗಂಟೆ ಮಾತಾಡುತ್ತಾರೆ. ನನ್ನ ಕಾಯಿಲೆ ದಮ್ಮು. ದಮ್ಮಿಗೂ ಬೆಲ್ಲಕ್ಕೂ ಸಂಬಂಧ ಕಲ್ಪಿಸಿದ ಕೀರ್ತಿ ವೈದ್ಯಲೋಕದ್ದಲ್ಲ, ನನ್ನದು.

ನಮ್ಮ ಕಡೆ ಮನೆಗೆ ಯಾರೇ ಬರಲಿ, ಬಂದ ಕೂಡಲೇ ಒಂದು ಚೊಂಬು ನೀರು, ಒಂದು ತುಂಡು ಬೆಲ್ಲ. ಕಾಫಿ, ಚಹಾ, ಕ್ಷೇಮಸಮಾಚಾರ ಎಲ್ಲ ಆಮೇಲೆ. ನನ್ನ ಅಮ್ಮ ಈ ಪದ್ಧತಿಯನ್ನು ಮದ್ದಿಗೂ ವಿಸ್ತರಿಸಿದ್ದಳು. ಸಣ್ಣವನಿದ್ದಾಗ ನನಗೆ ದಮ್ಮು ಬಂದರೆ ಆಡುಸೋಗೆ ಸೊಪ್ಪಿನ ಕಷಾಯ, ಅದರ ಬೆನ್ನಿಗೆ ಬೆಲ್ಲ. ಕಾಳುಮೆಣಸಿನ ಕಷಾಯ, ಬೆಲ್ಲ. ಸಾಂಬ್ರಾಣಿ ಎಲೆಯ ರಸ, ಬೆಲ್ಲ. ಮನೆಗೆ ಬಂದ ನೆಂಟರಲ್ಲಿ ಮದ್ದು ಹೇಳದೆ ಹೋದವರು ಇಲ್ಲ. ಒಬ್ಬರು ಹೇಳಿದ ಮದ್ದನ್ನು ಇನ್ನೊಬ್ಬರು ವಿಷ ಎನ್ನುತ್ತಿದ್ದರು, ಅಮ್ಮ ಇಬ್ಬರ ಮನಸ್ಸನ್ನೂ ನೋಯಿಸಬಾರದೆಂದು ಎರಡನ್ನೂ ನನಗೆ ಕುಡಿಸುತ್ತಿದ್ದಳು. ನಿಜ ಹೇಳಬೇಕೆಂದರೆ ಆಗ ಬಂದ ದಮ್ಮಿನಲ್ಲಿ ಕಾಲು ಭಾಗ ಬೆಲ್ಲದ ಆಸೆಗೇ ಬಂದದ್ದು.

ಓಡಲಿಕ್ಕೆ ಉಸಿರಿಲ್ಲದ ಹುಡುಗ ಏನು ಮಾಡಬೇಕು? ಶಾಲೆಯಲ್ಲಿ ಉಳಿದವರು ಕಬಡ್ಡಿ ಆಡುವಾಗ ನಾನು ಗೆರೆಯ ಹೊರಗೆ ಕೂತು ಯಾರು ಔಟು, ಯಾರು ಮೋಸ ಎಂದು ಕೂಗಿ ಹೇಳುತ್ತಿದ್ದೆ. ಹಾಗೆ ನನಗೆ ಗಂಟಲು ಬೆಳೆಯಿತು. ದೊಡ್ಡವನಾಗುವಾಗ ದಮ್ಮು ತಾನಾಗಿ ಬಿಟ್ಟುಹೋಯಿತು, ಗಂಟಲು ಉಳಿಯಿತು. ಸುಳ್ಯದಲ್ಲಿ ನಾನೊಂದು ಸಣ್ಣ ಪ್ರಿಂಟಿಂಗ್ ಪ್ರೆಸ್ ಹಾಕಿದೆ. ಮದುವೆ, ಗೃಹಪ್ರವೇಶ, ಶಾಲಾ ವಾರ್ಷಿಕೋತ್ಸವ, ಹಾಲಿನ ಸೊಸೈಟಿಯ ಮಹಾಸಭೆ, ಎಲ್ಲದರ ಆಮಂತ್ರಣ ಪತ್ರಿಕೆ ನನ್ನಲ್ಲೇ. ಪತ್ರಿಕೆಯ ಕೆಳಗೆ ‘ಕಾರ್ಯಕ್ರಮ ನಿರೂಪಣೆ’ ಎಂಬ ಸಾಲಿನ ಎದುರು ಜಾಗ ಖಾಲಿ ಇದ್ದರೆ ಅಚ್ಚಿಗೆ ಹೋಗುವ ಮೊದಲು ಅಲ್ಲಿ ನನ್ನ ಹೆಸರು ಬೀಳುತ್ತಿತ್ತು. ಮೊದಮೊದಲು ಜನ ಆಕ್ಷೇಪಿಸಿದರು, ಆಮೇಲೆ ಅಭ್ಯಾಸವಾಯಿತು. ಮಂಡೆಕೋಲಿನಿಂದ ಕಡಬದವರೆಗೆ ನಾನು ನಿಂತು ಮಾತಾಡದ ಸ್ಟೇಜ್ ಕಡಿಮೆ. ಒಂದು ಹಾರ ಹಾಕುವ ಮೊದಲು ಹೂವಿನ ಬಗ್ಗೆ ನಾಲ್ಕು ಮಾತು, ಹಾಕಿದ ಮೇಲೆ ಕೊರಳಿನ ಬಗ್ಗೆ ನಾಲ್ಕು ಮಾತು ಆಡುವ ಸಾಮರ್ಥ್ಯ ನನ್ನದು. ಜನ ಕಂಚಿನ ಕಂಠ ಎನ್ನುತ್ತಿದ್ದರು. ಅದನ್ನು ನಾನು ನಂಬಿದೆ, ಅಷ್ಟೇ ಅಲ್ಲ, ನನ್ನ ವಿಸಿಟಿಂಗ್ ಕಾರ್ಡಿನಲ್ಲಿ ಅಚ್ಚು ಕೂಡ ಹಾಕಿಸಿದೆ.

ಐವತ್ತು ದಾಟಿದ ಮೇಲೆ ದಮ್ಮು ಹಳೆ ನೆಂಟನ ಹಾಗೆ ವಾಪಸು ಬಂತು. ಕಾಗದದ ಧೂಳು, ಶಾಯಿಯ ವಾಸನೆ, ಒಂದಕ್ಕೊಂದು ಸೇರಿ ಎದೆ ಸೀಟಿ ಹೊಡೆಯಲು ಶುರುಮಾಡಿತು. ಪುತ್ತೂರಿನ ಒಬ್ಬರು ಡಾಕ್ಟರ್, ಇನ್ನೂ ಸಣ್ಣ ಪ್ರಾಯದ ಹೆಂಗಸು, ಬಾಯಿಗಿಟ್ಟು ಒತ್ತಿ ಉಸಿರಿನೊಟ್ಟಿಗೆ ಮದ್ದು ಎಳೆಯುವ ಎರಡು ಪಂಪು ಕೊಟ್ಟರು. ನೀಲಿಯದ್ದು ದಮ್ಮು ಕಟ್ಟಿದಾಗ ಮಾತ್ರ. ಕಂದು ಬಣ್ಣದ್ದು ದಮ್ಮು ಇರಲಿ ಬಿಡಲಿ, ಬೆಳಿಗ್ಗೆ ಸಂಜೆ. ಕಂದು ಎಳೆದ ಮೇಲೆ ಪ್ರತಿ ಸಲ ಬಾಯಿ ಮುಕ್ಕಳಿಸಿ ಉಗುಳಬೇಕು ಎಂದು ಎರಡು ಬಾರಿ ಹೇಳಿದರು. ನಾನು ಎರಡು ಬಾರಿಯೂ ತಲೆ ಅಲ್ಲಾಡಿಸಿದೆ. ತಲೆ ಅಲ್ಲಾಡಿಸುವುದರಲ್ಲಿ ನಾನು ಯಾವತ್ತೂ ಹಿಂದೆ ಬಿದ್ದವನಲ್ಲ.

ಮೊದಲು ನನ್ನ ಮಾನ ಕಳೆದದ್ದು ನೀಲಿ. ಅದನ್ನು ಎಳೆದರೆ ಉಸಿರು ಸಲೀಸಾಗುತ್ತದೆ, ನಿಜ. ಆದರೆ ಎದೆ ಡಬಡಬ ಹೊಡೆದುಕೊಳ್ಳುತ್ತದೆ, ಕೈ ನಡುಗುತ್ತದೆ. ಅಜ್ಜಾವರದ ಒಂದು ಮನೆಗೆ ಮದುವೆ ಕಾರ್ಡಿನ ಸ್ಯಾಂಪಲ್ ತೋರಿಸಲು ಹೋಗಿದ್ದೆ. ಏರು ಹತ್ತಿ ಉಸಿರು ಕಟ್ಟಿದ್ದರಿಂದ ಗೇಟಿನ ಬಳಿ ಮರೆಯಲ್ಲಿ ನಿಂತು ಎರಡು ಸಲ ಎಳೆದು ಒಳಗೆ ಹೋದೆ. ಅವರು ಚಹಾ ಕೊಟ್ಟರು. ಚಹಾದ ಕಪ್ಪು ಅದರ ಬಸಿಯ ಮೇಲೆ ಕಟಕಟ ಕುಣಿಯತೊಡಗಿತು. ಮನೆಯ ಯಜಮಾನರು ಕಪ್ಪನ್ನೂ ನನ್ನ ಕಣ್ಣನ್ನೂ ನೋಡಿದರು, ಮಗಳನ್ನು ಒಳಗೆ ಕಳಿಸಿದರು. ಒಂದು ವಾರದಲ್ಲಿ ನಾನು ಹಗಲಲ್ಲೇ ಕುಡಿಯಲು ಶುರುಮಾಡಿದ್ದೇನೆ ಎಂಬ ಸುದ್ದಿ ಸುಳ್ಯ ಪೇಟೆಗೆ ನನಗಿಂತ ಮೊದಲು ತಲುಪಿತ್ತು. ನನ್ನ ಹೆಂಡತಿ ಸರೋಜಿನಿ ನನ್ನ ಪರವಾಗಿ ವಾದಿಸಿದಳು. ಕುಡಿಯುವುದೆಲ್ಲ ಸುಳ್ಳು, ದಿನಕ್ಕೆ ಎರಡು ಸಲ ಎಳೆಯುತ್ತಾರೆ ಅಷ್ಟೇ ಎಂದಳು. ಅದರಿಂದ ನನ್ನ ಹೆಸರು ಇನ್ನಷ್ಟು ಕೆಟ್ಟಿತು.

ಕಂದು ಪಂಪಿನ ಕತೆ ಬೇರೆ. ಅದನ್ನು ಎಳೆದ ಮೇಲೆ ಬಾಯಿಯಲ್ಲಿ ಒಂದು ತರಹದ ಮದ್ದಿನ ರುಚಿ. ಮದ್ದಿನ ರುಚಿ ಎಂದ ಕೂಡಲೇ ನನ್ನ ಕೈ ಐವತ್ತು ವರ್ಷ ಹಿಂದಕ್ಕೆ ಹೋಗಿ ಬೆಲ್ಲದ ಡಬ್ಬಿ ತೆರೆಯಿತು. ಒಂದು ತುಂಡು ಬೆಲ್ಲ, ಅದರ ಮೇಲೆ ಅರ್ಧ ಚೊಂಬು ನೀರು. ನೀರು ಬಾಯಿಯೊಳಗೆ ಸುತ್ತಾಡಿಯೇ ಹೋಗುತ್ತದಲ್ಲ, ಮುಕ್ಕಳಿಸಿದ ಹಾಗೂ ಆಯಿತು ಎಂದು ನನ್ನ ಲೆಕ್ಕ. ಉಗುಳುವುದು ಮಾತ್ರ ಮನಸ್ಸಿಗೆ ಬರಲಿಲ್ಲ. ಬೆಲ್ಲ ನೀರನ್ನು ಯಾರಾದರೂ ಉಗುಳುತ್ತಾರೆಯೇ? ಹೀಗೆ ಬೆಳಿಗ್ಗೆ ಒಂದು ತುಂಡು, ಸಂಜೆ ಒಂದು ತುಂಡು, ನಾಲ್ಕು ತಿಂಗಳು ನಡೆಯಿತು. ನನ್ನ ಶಿಸ್ತಿನ ಬಗ್ಗೆ ನನಗೇ ಹೆಮ್ಮೆಯಾಗುತ್ತಿತ್ತು.

ಒಂದು ದಿನ ಪಕ್ಕದ ಮನೆಯ ಬಾಬಣ್ಣ ನಾನು ಆಕಳಿಸುವುದನ್ನು ನೋಡಿದರು. ಬಾಬಣ್ಣನಿಗೆ ಅಡಿಕೆ ತೋಟ, ಬಾಯಲ್ಲಿ ಸದಾ ಕವಳ. ನನ್ನ ನಾಲಿಗೆ, ಕೆನ್ನೆಯ ಒಳಗೆಲ್ಲ ಬಿಳಿ ಬಿಳಿ ಮಚ್ಚೆ ಇದ್ದವಂತೆ.

‘ಎಂತ ಮಾರಾಯ್ರೆ, ಸುಣ್ಣ ಜಾಸ್ತಿ ಆಯ್ತಾ?’ ಎಂದು ಕೇಳಿದರು.

ನಾನು ಎಲೆಯಡಿಕೆ ಹಾಕುವವನೇ ಅಲ್ಲ. ಆದರೆ ನಮ್ಮ ಊರಿನಲ್ಲಿ ಬಾಯಿ ಬೆಳ್ಳಗಾದರೆ ಅದಕ್ಕೆ ಕಾರಣ ಒಂದೇ, ಸುಣ್ಣ. ನಾನು ಇಲ್ಲ ಎಂದಷ್ಟೂ ಅವರಿಗೆ ಖಾತ್ರಿಯಾಯಿತು. ಕದ್ದು ಕವಳ ಹಾಕುವುದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ, ಎಲೆಗೆ ಸುಣ್ಣ ಸವರುವ ಕ್ರಮ ಮಾತ್ರ ಕಲಿಯಬೇಕು ಎಂದು ಅಲ್ಲೇ ಒಂದು ಎಲೆ ತೆಗೆದು ಸವರಿ ತೋರಿಸಿದರು. ನಾನೂ ಮೂರ್ಖ, ಡಾಕ್ಟರಿಗೆ ಫೋನ್ ಮಾಡುವ ಬದಲು ಅವರು ಹೇಳಿದ ಹಾಗೆ ತುಪ್ಪ ಸವರಿಕೊಂಡು ಹದಿನೈದು ದಿನ ಕಳೆದೆ.

ಅಷ್ಟರಲ್ಲಿ ಗಂಟಲೂ ಹೋಯಿತು. ಒಮ್ಮೆಗೇ ಅಲ್ಲ, ಮೆಲ್ಲಮೆಲ್ಲಗೆ. ಮೊದಲು ಮೇಲಿನ ಸ್ವರ ಹೋಯಿತು, ಆಮೇಲೆ ನಡುವಿನದ್ದು, ಕೊನೆಗೆ ಉಳಿದದ್ದು ಮರಳು ಜರಡಿ ಹಿಡಿಯುವಾಗ ಬರುವ ಸದ್ದು. ಫೋನಿನಲ್ಲಿ ಮಾತಾಡಿದರೆ ‘ಮನೆಯಲ್ಲಿ ಗಂಡಸರು ಯಾರಾದ್ರೂ ಇದ್ರೆ ಕೊಡಿ ಅಜ್ಜಿ’ ಎಂದರು ಒಬ್ಬರು. ಕಾರ್ಯಕ್ರಮದವರು ನಯವಾಗಿ ನನ್ನನ್ನು ನಿರೂಪಣೆಯಿಂದ ತೆಗೆದು ಧನ್ಯವಾದಕ್ಕೆ ಹಾಕಿದರು. ಧನ್ಯವಾದ ಎಂದರೆ ನಿಮಗೆ ಗೊತ್ತಲ್ಲ, ಜನ ಊಟದ ಹಾಲಿಗೆ ಓಡುತ್ತಿರುವಾಗ ಅವರ ಬೆನ್ನಿಗೆ ಕೃತಜ್ಞತೆ ಹೇಳುವ ಕೆಲಸ. ನಾನು ಮನೆಗೆ ಬಂದು ಅತ್ತೆ. ಇದನ್ನು ನಗೆಯ ಮಾತಾಗಿ ಹೇಳುತ್ತಿಲ್ಲ. ಐವತ್ತೆಂಟು ವರ್ಷದ ಗಂಡಸು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಕೊನೆಗೆ ಸರೋಜಿನಿ ಪುತ್ತೂರಿಗೆ ಎಳೆದುಕೊಂಡು ಹೋದಳು. ಡಾಕ್ಟರ್ ಟಾರ್ಚ್ ಹಾಕಿ ಬಾಯಿ ನೋಡಿದರು. ಪಂಪು ಎಳೆದ ಮೇಲೆ ಏನು ಮಾಡುತ್ತೀರಿ ಎಂದು ಕೇಳಿದರು. ನಾನು ಹೆಮ್ಮೆಯಿಂದಲೇ ಬೆಲ್ಲ ನೀರಿನ ಕ್ರಮ ವಿವರಿಸಿದೆ. ಅವರು ಟಾರ್ಚ್ ಆರಿಸಿ ನನ್ನನ್ನೇ ನೋಡಿದರು.

‘ಬಾಯಲ್ಲಿ ಬೂಸರು ಬಂದದ್ದು ಇದು. ನಾನು ಮುಕ್ಕಳಿಸಿ ಉಗುಳ್ಲಿಕ್ಕೆ ಹೇಳಿದ್ದು, ನೀವು ಅದಕ್ಕೆ ಬೆಲ್ಲ ಹಾಕಿ ಸಾಕಿದ್ದೀರಿ’ ಎಂದರು.

ಬಾಯಿಗೆ ಹಾಕಲು ಹನಿ ಮದ್ದು ಕೊಟ್ಟರು. ಪಂಪಿಗೆ ಸಿಕ್ಕಿಸಿ ಎಳೆಯಲು ಪ್ಲಾಸ್ಟಿಕ್ಕಿನ ಒಂದು ದಪ್ಪ ಕೊಳವೆ ಕೊಟ್ಟರು. ಕಂದು ಪಂಪಿನ ಮದ್ದು ಗಂಟಲಲ್ಲಿ ಕೂತು ಸ್ವರ ಕೆಡಿಸದೆ ಎದೆಗೆ ಇಳಿಯಲಿಕ್ಕೆ ಅದು ಬೇಕಂತೆ. ನೋಡಲು ಹಾಲಿನ ಬಾಟಲಿಯ ಹಾಗಿತ್ತು, ಅದನ್ನು ನಾನು ಬೀರುವಿನಲ್ಲಿ ಬಚ್ಚಿಟ್ಟೆ. ಕಂದು ಪಂಪನ್ನು ಮಾತ್ರ ಯಾವ ಕಾರಣಕ್ಕೂ ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ ಎಂದು ಡಾಕ್ಟರ್ ಎರಡು ಬಾರಿ ಹೇಳಿದರು. ನಾನು ಎರಡು ಬಾರಿಯೂ ತಲೆ ಅಲ್ಲಾಡಿಸಿದೆ. ಬಾಬಣ್ಣನಿಗೆ ಬೂಸರಿನ ವಿಷಯ ತಿಳಿದಾಗ ಅವರು ತುಂಬಾ ಬೇಸರಪಟ್ಟರು. ಬೂಸರಿಗೆ ಅಡಿಕೆ ಮರಕ್ಕೆ ಹೊಡೆಯುವ ಹಾಗೆ ಮೈಲುತುತ್ತು ಸುಣ್ಣ ಕಲಸಿ ಮದ್ದು ಬಿಟ್ಟರೆ ಮುಗಿಯಿತು, ಅಷ್ಟಕ್ಕೆ ಪುತ್ತೂರಿಗೆ ಯಾಕೆ ಹೋಗಬೇಕಿತ್ತು ಎನ್ನುವುದು ಅವರ ಅಭಿಪ್ರಾಯ.

ಬಾಯಿ ಸರಿಯಾಯಿತು, ಸ್ವರ ಪೂರ್ತಿ ಬರಲಿಲ್ಲ. ಆಗ ಕಡಬದ ನನ್ನ ಹಳೆ ಶಾಲೆಯಿಂದ ಕರೆ ಬಂತು. ನನಗೆ ಅಲ್ಲಿ ಕನ್ನಡ ಕಲಿಸಿದ ಅನ್ನಮ್ಮ ಟೀಚರಿಗೆ ಹಳೆ ವಿದ್ಯಾರ್ಥಿಗಳಿಂದ ಸನ್ಮಾನ, ನಿರೂಪಣೆಗೆ ನೀವೇ ಆಗಬೇಕು ಎಂದರು. ಅನ್ನಮ್ಮ ಟೀಚರ ಅಪ್ಪ ಅಮ್ಮ ಕೇರಳದಿಂದ ಬಂದು ನೆಲ್ಯಾಡಿಯ ಹತ್ತಿರ ರಬ್ಬರ್ ನೆಟ್ಟವರು. ಮನೆಯಲ್ಲಿ ಮಲಯಾಳ, ಶಾಲೆಯಲ್ಲಿ ನಮ್ಮೆಲ್ಲರಿಗಿಂತ ಚೊಕ್ಕ ಕನ್ನಡ. ಕಬಡ್ಡಿ ಗೆರೆಯ ಹೊರಗೆ ಕೂತು ಕಿರುಚುತ್ತಿದ್ದ ನನ್ನನ್ನು ಕೈ ಹಿಡಿದು ಮೈಕಿನ ಮುಂದೆ ನಿಲ್ಲಿಸಿದವರು ಅವರೇ. ಅವರ ಎದುರು ನಾನು ಅಜ್ಜಿಯ ಸ್ವರದಲ್ಲಿ ಮಾತಾಡುವುದೇ? ಸನ್ಮಾನಕ್ಕೆ ಇನ್ನೂ ಮೂರು ವಾರ ಇತ್ತು. ಅದೇ ದಿನ, ಯಾರಿಗೂ ಹೇಳದೆ, ಕಂದು ಪಂಪು ನಿಲ್ಲಿಸಿದೆ.

ಎರಡನೇ ವಾರದಲ್ಲಿ ಸ್ವರ ವಾಪಸು ಬಂತು. ಬಚ್ಚಲಲ್ಲಿ ನಿಂತು ‘ವೇದಿಕೆಯ ಮೇಲೆ ಆಸೀನರಾಗಿರುವ’ ಎಂದು ಒಮ್ಮೆ ಹೇಳಿ ನೋಡಿದೆ, ತಂಬಿಗೆ ಕೂಡ ಗುಂಯ್ ಎಂದಿತು. ನನಗಾದ ಸಂತೋಷವನ್ನು ಹೇಳಿ ಪೂರೈಸದು. ಮೆಟ್ಟಿಲು ಹತ್ತುವಾಗ ಸ್ವಲ್ಪ ಏದುಸಿರು ಬರುತ್ತಿತ್ತು, ನಸುಕಿಗೆ ಎದೆ ಸಣ್ಣಗೆ ಸೀಟಿ ಹಾಕುತ್ತಿತ್ತು. ಅದನ್ನು ಹವೆಯ ತಲೆಗೆ ಕಟ್ಟಿದೆ.

ಸನ್ಮಾನ ಒಂದು ಭಾನುವಾರ ಬೆಳಿಗ್ಗೆ ಹತ್ತಕ್ಕೆ. ಶಾಲೆಯ ಹಾಲ್ ತುಂಬಿತ್ತು. ಹೊಸ ಬಿಳಿ ಜುಬ್ಬದ ಕಿಸೆ ಉಬ್ಬಿ ಅಸಹ್ಯ ಕಾಣುತ್ತದೆ ಎಂದು ನೀಲಿ ಪಂಪನ್ನು ಕಾರಿನಲ್ಲೇ ಬಿಟ್ಟು ಹೋಗಿದ್ದೆ. ಸ್ವಾಗತ, ಪ್ರಾರ್ಥನೆ, ದೀಪ ಎಲ್ಲ ಅಮೋಘವಾಗಿ ಆಯಿತು. ನನ್ನ ಸ್ವರ ಗೋಡೆಗೆ ತಾಗಿ ನನಗೇ ವಾಪಸು ಕೇಳುತ್ತಿದ್ದಾಗ ಅಧ್ಯಕ್ಷರ ಪರಿಚಯಕ್ಕೆ ಬೇಕಾದದ್ದಕ್ಕಿಂತ ಹೆಚ್ಚೇ ಸಮಯ ತೆಗೆದುಕೊಂಡೆ. ಆಮೇಲೆ ಅಭಿನಂದನಾ ಪತ್ರ ಕೈಗೆತ್ತಿಕೊಂಡೆ. ಮೊದಲ ಸಾಲು ಓದಿದೆ. ಎರಡನೆಯದ್ದರ ಮಧ್ಯದಲ್ಲಿ ಉಸಿರು ನಿಂತಿತು.

ದಮ್ಮು ಕಟ್ಟಿದವರಿಗೆ ಮಾತ್ರ ಇದು ಗೊತ್ತು. ಗಾಳಿ ಸುತ್ತಲೂ ಇದೆ, ಮುನ್ನೂರು ಜನ ಅದನ್ನು ಪುಕ್ಕಟೆ ಎಳೆಯುತ್ತಿದ್ದಾರೆ, ನನ್ನೊಳಗೆ ಮಾತ್ರ ಬರುವುದಿಲ್ಲ. ನಾನು ಮೈಕಿನ ಕಂಬ ಹಿಡಿದೆ. ಎದೆಯ ಸೀಟಿ ಮೈಕಿಗೆ ಹೊಕ್ಕು ಹಾಲಿನ ನಾಲ್ಕು ಮೂಲೆಯಿಂದ ಹೊರಬಂತು. ಮೈಕಿನವರು ಅದು ತಮ್ಮ ಸೆಟ್ಟಿನ ದೋಷವೆಂದು ಗುಂಡಿ ತಿರುಗಿಸತೊಡಗಿದರು. ಅಧ್ಯಕ್ಷರು ನಗುಮುಖದಲ್ಲೇ ಕೂತಿದ್ದರು, ನಾನು ಭಾವುಕನಾಗಿದ್ದೇನೆ ಎಂದು ಅವರ ಗ್ರಹಿಕೆ. ಮುಂದಿನ ಸಾಲಿನಲ್ಲಿ ಒಬ್ಬರು ಚಪ್ಪಾಳೆ ಕೂಡ ತಟ್ಟಿದರು. ನನಗೆ ಸಾವಿನ ಹೆದರಿಕೆ ಆಯಿತು. ಅದಕ್ಕಿಂತ ಒಂದು ಕ್ಷಣ ಮೊದಲು, ಜುಬ್ಬ ಚೆನ್ನಾಗಿ ಕಾಣುತ್ತಿದೆಯೇ ಎಂಬ ಯೋಚನೆ ಬಂದದ್ದೂ ಸುಳ್ಳಲ್ಲ.

ಎದ್ದು ಬಂದವರು ಅನ್ನಮ್ಮ ಟೀಚರ್ ಒಬ್ಬರೇ. ಹೆಗಲಿನ ಶಾಲನ್ನು ಕುರ್ಚಿಗೆ ಹಾಕಿ, ವ್ಯಾನಿಟಿ ಬ್ಯಾಗಿನ ಜಿಪ್ ಎಳೆದು, ಒಂದು ನೀಲಿ ಪಂಪು ತೆಗೆದು ನಾಲ್ಕು ಸಲ ಕುಲುಕಿದರು.

‘ಬಾಯಿ ತೆರೆ. ನಾನು ಒತ್ತಿದ ಕೂಡ್ಲೆ ಎಳಿ’ ಎಂದರು.

ಏಳನೇ ಕ್ಲಾಸಿನಲ್ಲಿ ಕೇಳಿದ್ದ ಅದೇ ಗದರಿಕೆ. ಮುನ್ನೂರು ಜನರ ಎದುರು ನಾನು ಬಾಯಿ ತೆರೆದೆ. ಒಂದು ಸಲ, ಸ್ವಲ್ಪ ಬಿಟ್ಟು ಇನ್ನೊಂದು ಸಲ. ಅವರು ನನ್ನ ಭುಜ ಹಿಡಿದು ಸನ್ಮಾನದ ಕುರ್ಚಿಯಲ್ಲಿ, ಅವರದೇ ಶಾಲಿನ ಮೇಲೆ ಕೂರಿಸಿದರು. ಕೈ ನಡುಗಿ ಅಭಿನಂದನಾ ಪತ್ರ ಪಟಪಟ ಹೊಡೆದುಕೊಳ್ಳುತ್ತಿತ್ತು. ಅದನ್ನು ಕಸಿದುಕೊಂಡು, ಕನ್ನಡಕ ಹಾಕಿ, ಮೈಕಿನ ಮುಂದೆ ನಿಂತು ತಮ್ಮ ಅಭಿನಂದನಾ ಪತ್ರವನ್ನು ತಾವೇ ಓದತೊಡಗಿದರು.

ಇಲ್ಲಿ ಎರಡು ಪಾಪ ನಿವೇದನೆ ಮಾಡಬೇಕು. ಒಂದನೆಯದ್ದು ಸಣ್ಣದು. ನನ್ನ ಕಂಪ್ಯೂಟರಿನಲ್ಲಿ ಇರುವುದು ಒಂದೇ ಅಭಿನಂದನಾ ಪತ್ರ. ‘ಸರಳ ಸಜ್ಜನಿಕೆಯ ಸಾಕಾರಮೂರ್ತಿ’ಯಿಂದ ಶುರುವಾಗುವ ಅದರಲ್ಲಿ ಹೆಸರು, ಊರು ಬದಲಿಸಿ ಎಲ್ಲರಿಗೂ ಕೊಡುತ್ತೇನೆ. ಎರಡನೆಯದ್ದು ದೊಡ್ಡದು. ಟೀಚರ ಸ್ವರ ನಾನು ಪ್ರೆಸ್ ಹಾಕಿ ಸ್ಟೇಜ್ ಹತ್ತುವ ಹೊತ್ತಿಗೇ ಕೆಟ್ಟಿತ್ತು. ಒಡಕು ಕೊಡದ ಹಾಗೆ, ಸಾಲಿನ ಕೊನೆಗೆ ಪೂರ್ತಿ ಮಾಯ. ಸ್ಟೇಜಿನಲ್ಲಿ ಯಾರಾದರೂ ಅತಿಥಿ ತಡಮಾಡಿದರೆ ಜನರನ್ನು ಹಿಡಿದಿಡಲು ನಾನು ‘ನಮ್ಮ ಕನ್ನಡ ಟೀಚರ್’ ಎಂದು ಆ ಸ್ವರವನ್ನು ಮಿಮಿಕ್ರಿ ಮಾಡುತ್ತಿದ್ದೆ. ವರ್ಷಗಟ್ಟಲೆ ಮಾಡಿದ್ದೇನೆ. ಜನ ಹೊಟ್ಟೆ ಹಿಡಿದು ನಗುತ್ತಿದ್ದರು. ಆ ಸ್ವರ ಯಾಕೆ ಹಾಗಾಯಿತು ಎಂದು ನಾನು ಒಂದು ಸಲವೂ ಕೇಳಿರಲಿಲ್ಲ.

ಟೀಚರ್ ಅದೇ ಸ್ವರದಲ್ಲಿ ಓದಿದರು. ವಿಶೇಷಣ ಬಂದಲ್ಲೆಲ್ಲ ಕಣ್ಣು ಹಾಯಿಸಿ ‘ಇದು ಬೇಡ’ ಎಂದು ದಾಟುತ್ತಾ ಹೋದರು. ಹಾಗೆ ದಾಟಿದ್ದರಿಂದ ಪತ್ರ ಬೇಗ ಬೇಗ ಸಾಗಿತು. ಮೂರನೇ ಪ್ಯಾರಾದಲ್ಲಿ ನಿಂತರು.

‘ಹದಿನಾಲ್ಕು ದನಗಳನ್ನು ಸಾಕಿ ತಾಲೂಕಿಗೇ ಮಾದರಿಯಾದ ತಾವು’ ಎಂದು ಓದಿ, ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. ‘ದನ ಅಲ್ಲ, ಮಕ್ಕಳು. ಲೆಕ್ಕವೂ ತಪ್ಪು.’

ಹಾಲ್ ನಕ್ಕಿತು. ಹಿಂದಿನ ತಿಂಗಳು ಒಬ್ಬ ಹೈನುಗಾರರಿಗೆ ಕೊಟ್ಟ ಸಾಲು ಅಳಿಸದೆ ಉಳಿದುಬಿಟ್ಟಿತ್ತು. ಆವತ್ತು ಜನ ನಕ್ಕದ್ದು ನನ್ನನ್ನು ನೋಡಿ, ಆ ಸ್ವರವನ್ನು ಕೇಳಿ ಅಲ್ಲ. ಟೀಚರ್ ಪತ್ರ ಮಡಚಿ ಅಧ್ಯಕ್ಷರ ಕೈಗೆ ಕೊಟ್ಟು, ಮುಂದಿನದ್ದು ನೀವು ನಡೆಸಿ ಎಂದು ಹೇಳಿ, ನನ್ನನ್ನು ಮೋಟುಗೋಡೆಯ ಹಿಂದಿನ ನಲ್ಲಿಯ ಹತ್ತಿರ ಕರೆದುಕೊಂಡು ಹೋದರು. ಗಾಳಿ ಬೇಕು, ನೀರೂ ಬೇಕು ನಿನಗೆ ಎಂದರು.

ಕಂದು ಪಂಪು ಯಾವಾಗ ನಿಲ್ಲಿಸಿದೆ ಎಂದು ಕೇಳಿದರು. ನಿಲ್ಲಿಸಿದೆಯೋ ಎಂದು ಕೇಳಲಿಲ್ಲ. ಮೂರು ವಾರ ಎಂದೆ. ಯಾಕೆ ಎಂದು ಕೇಳಿದಾಗ ಸ್ವರಕ್ಕೋಸ್ಕರ ಎಂದೆ. ಅವರು ಮೂವತ್ತು ವರ್ಷದಿಂದ ಪಂಪು ಎಳೆಯುತ್ತಿದ್ದಾರಂತೆ. ಮುಕ್ಕಳಿಸಬೇಕೆಂದು ಅವರಿಗೆ ಆಗ ಹೇಳಿದವರೇ ಇರಲಿಲ್ಲವಂತೆ. ಕ್ಲಾಸಿನಲ್ಲಿ ಉಸಿರು ಕಟ್ಟಿ ಬಿದ್ದರೆ ಮಕ್ಕಳು ಹೆದರುತ್ತಾರೆ, ಹಾಗಾಗಿ ಸ್ವರ ಹೋದರೆ ಹೋಗಲಿ ಎಂದು ಬಿಟ್ಟರಂತೆ.

‘ನನ್ನ ಸ್ವರ ನೀನು ಮಾಡುದು ನಾನು ಎರಡು ಸಲ ಕೇಳಿದ್ದೇನೆ’ ಎಂದರು. ‘ಚೆನ್ನಾಗಿ ಮಾಡ್ತಿ.’

‘ತಪ್ಪಾಯ್ತು ಟೀಚರ್’ ಎಂದೆ. ಅಷ್ಟು ಹೇಳಲು ನನಗೆ ಉಸಿರು ಸಾಲದೆ ಎರಡು ಸಲ ನಿಲ್ಲಿಸಬೇಕಾಯಿತು.

‘ಅದಿರ್ಲಿ. ಉಸಿರು ಬೇಕಾದ್ರೆ ಸ್ವಲ್ಪ ಸ್ವರ ಹೋಗ್ತದೆ. ಹೋದ್ರೆ ಹೋಗ್ಲಿ ಮಾರಾಯ. ನೀನು ಮಾತಾಡದಿದ್ರೆ ಈ ಊರಿಗೆ ಎಂತ ನಷ್ಟ ಉಂಟು?’

ನಾನು ಪ್ರಾಮಾಣಿಕವಾಗಿ ಯೋಚಿಸಿದೆ. ಒಂದಾದರೂ ನಷ್ಟ ಹೇಳಬೇಕೆಂದು ಬಾಯಿ ತೆರೆದವನು ಬಗ್ಗಿ, ಬೊಗಸೆಯಲ್ಲಿ ನೀರು ತುಂಬಿಕೊಂಡು ಮುಕ್ಕಳಿಸಿದೆ, ಉಗುಳಿದೆ. ಇನ್ನೊಮ್ಮೆ ಎಂದರು ಟೀಚರ್, ಇನ್ನೊಮ್ಮೆ ಉಗುಳಿದೆ. ಅಷ್ಟರಲ್ಲಿ ಹಾಲಿನಿಂದ ಜನ ಹೊರಗೆ ಬರತೊಡಗಿದರು. ಗಡಿಯಾರ ನೋಡಿದೆ, ಹನ್ನೆರಡೂವರೆ. ನಾನೇ ಅಚ್ಚು ಹಾಕಿದ ಆಮಂತ್ರಣ ಪತ್ರಿಕೆಯಲ್ಲಿ ಊಟಕ್ಕೆ ಕೊಟ್ಟ ಸಮಯವೂ ಹನ್ನೆರಡೂವರೆಯೇ. ನನ್ನ ನಿರೂಪಣೆ ಎಂದು ಹೆಸರು ಬಿದ್ದ ಕಾರ್ಯಕ್ರಮವೊಂದು ಹೇಳಿದ ಹೊತ್ತಿಗೆ ಸರಿಯಾಗಿ ಮುಗಿದದ್ದು ಅದೇ ಮೊದಲು.